ನಾಲ್ಕು ಜನರ ಹೊಸ ರಾಕ್ ಬ್ಯಾಂಡ್: ಎಂಟು ವಾರದಲ್ಲಿ ಮೊದಲ ಶೋ, ಹಾಡೋರ ದನಿಯೇ ಕೇಳ್ತಿಲ್ಲ

ಆರನೇತಂತಿ

ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್. ರಿದಮ್ ಗಿಟಾರ್ ನುಡಿಸೋರೇ ಹಾಡೋದು. ಬ್ಯಾಂಡ್ ಕಟ್ಟಿ ಮೂರು ತಿಂಗಳು. ಸ್ವಂತ ಹಾಡು ನಾಲ್ಕು, ಕವರ್ (ಬೇರೆಯವರ ಹಾಡು) ಏಳು. ಎಂಟು ವಾರಕ್ಕೆ 30 ನಿಮಿಷದ ಸ್ಲಾಟ್ ಇದೆ, ನಮ್ಮ ಹಿಂದೆ ಮುಂದೆ ಬೇರೆ ಬ್ಯಾಂಡ್‌ಗಳೂ ಇವೆ.

ರೂಮು 12 x 14 ಅಡಿ. ಲೀಡ್ ಆಂಪ್ 100 ವ್ಯಾಟ್, ರಿದಮ್ 40, ಬೇಸ್ ಆಂಪ್ 50. ವೋಕಲ್‌ಗೆ ಒಂದು ಸ್ಪೀಕರ್, ಅದು ಹಾಡೋರ ಹಿಂದೆ ಗೋಡೆ ಪಕ್ಕ. ಗೋಳು ಹೀಗಿದೆ: ವೋಕಲ್ ಕೇಳಲ್ಲ, ಏರಿಸಿದರೆ ಕುಯ್ ಅನ್ನುತ್ತೆ. ಎರಡೂ ಗಿಟಾರ್ ಸೇರಿದರೆ ಬರೀ ಗದ್ದಲ. ಹಾಡು ಮುಗಿಯೋ ಹೊತ್ತಿಗೆ ವೇಗ ಏರಿರುತ್ತೆ. ಇದರ ಜೊತೆ, ಸ್ವಂತ ಹಾಡುಗಳಿಗೆ ಯಾರ ಹೆಸರು ಹಾಕೋದು ಅಂತ ಸಣ್ಣಗೆ ಮುಸುಕಿನ ಗುದ್ದಾಟ ಶುರುವಾಗಿದೆ. ಶೋಗೆ ಮೊದಲೇ ಸ್ಟುಡಿಯೋಗೆ ಹೋಗಿ ರೆಕಾರ್ಡ್ ಮಾಡಿಬಿಡೋಣ ಅಂತ ಇಬ್ಬರ ಹಟ. ಯಾವುದನ್ನ ಮೊದಲು ಸರಿಮಾಡಬೇಕು?

---

ಮಿಕ್ಸರ್‌ಮೂಲೆ

ಮೊದಲು ವಾಲ್ಯೂಮ್. ಅದು ಸರಿಹೋಗೋವರೆಗೂ ಮಿಕ್ಕಿದ್ದು ಯಾವುದನ್ನೂ ಸರಿಮಾಡೋಕೆ ಆಗಲ್ಲ. ಪರಸ್ಪರ ಕೇಳಿಸದೇ ಇರೋರು ಜೊತೆಗೆ ನುಡಿಸೋದು ಹೇಗೆ?

ವ್ಯಾಟ್ ಲೆಕ್ಕ ತಲೆಯಲ್ಲಿರಲಿ. ವ್ಯಾಟ್ ಎರಡರಷ್ಟಾದರೆ ಸಿಗೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವ್ಯಾಟ್ ಹತ್ತರಷ್ಟು ಬೇಕು. ಅದಕ್ಕೇ 100 ವ್ಯಾಟ್ ಆಂಪ್ 10 ವ್ಯಾಟಿನದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಜೋರು, ಅಷ್ಟೇ. ನಿಮ್ಮ ಅಳತೆಯ ರೂಮಿಗೆ 15-20 ವ್ಯಾಟಿನ ವಾಲ್ವ್ ಆಂಪ್ ಕೂಡ ಧಾರಾಳ.

ಹೆಚ್ಚಿನವರು ಲೆವೆಲ್ ಕೂರಿಸೋ ಕ್ರಮವೇ ತಲೆಕೆಳಗು. ಗಿಟಾರ್‌ಗಳು ಮೊದಲು ಏರುತ್ತವೆ, ವೋಕಲ್ ಕೊನೆಗೆ ಉಳಿದ ಜಾಗದಲ್ಲಿ ತೂರಿಕೊಳ್ಳೋಕೆ ನೋಡುತ್ತೆ. ಹೀಗೆ ಮಾಡಿ ನೋಡಿ. ಡ್ರಮ್ಸ್‌ಗೆ ವಾಲ್ಯೂಮ್ ನಾಬ್ ಇಲ್ಲ, ಹಾಗಾಗಿ ಅದೇ ಅಳತೆಗೋಲು. ಡ್ರಮ್ಮರ್ ಹಾಡಿನ ಅತಿ ಜೋರಾದ ಭಾಗ ನುಡಿಸಲಿ. ಅದರ ಮೇಲೆ ಬೇಸ್, ಕಿಕ್ ಡ್ರಮ್ಮಿನ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಸಮಕ್ಕೆ ಬರೋವರೆಗೆ. ಮೂರನೆಯದು ವೋಕಲ್: ಫೀಡ್‌ಬ್ಯಾಕ್, ಅಂದರೆ ಆ ಕುಯ್ ದನಿ, ಶುರುವಾಗೋ ಹಂತದವರೆಗೆ ಏರಿಸಿ, ಅಲ್ಲಿಂದ 3 ಡೆಸಿಬೆಲ್ ಇಳಿಸಿ. ಆಮೇಲೆ ಗಿಟಾರ್ ಒಂದೊಂದಾಗಿ ಏರಲಿ. ಸಾಹಿತ್ಯ ಅರ್ಥವಾಗೋದು ನಿಂತ ಜಾಗದಲ್ಲಿ ನಾಬ್ ನಿಲ್ಲಬೇಕು. ಅಲ್ಲೊಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿ. ಅರ್ಧ ಗಂಟೆ ಆದಮೇಲೆ ಯಾರ ನಾಬ್ ಗುರುತು ದಾಟಿದೆ ಅಂತ ನೋಡಿದರೆ ಮಜಾ ಇರುತ್ತೆ.

ಇನ್ನು ಸ್ಪೀಕರ್ ಜಾಗ. ಹಾಡೋರ ಹಿಂದಿರೋ ಸ್ಪೀಕರ್ ನೇರ ಮೈಕಿನ ಬಾಯಿಗೇ ಹೊಡೆಯುತ್ತಿದೆ, ಕುಯ್ ಅನ್ನದೆ ಇನ್ನೇನು ಮಾಡುತ್ತೆ? ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯೋ ಥರದ್ದು) ತನ್ನ ನೇರ ಬೆನ್ನ ಹಿಂದೆ ಕಿವುಡು. ಇನ್ನೂ ಕಿರಿದಾಗಿ ಹಿಡಿಯೋ ಸೂಪರ್‌ಕಾರ್ಡಿಯಾಯ್ಡ್ ಆದರೆ ಆ ಕಿವುಡು ಜಾಗ ನೇರ ಹಿಂದಲ್ಲ, ಸುಮಾರು 125 ಡಿಗ್ರಿಯಲ್ಲಿ, ಎರಡೂ ಪಕ್ಕಕ್ಕೆ ಓರೆಯಾಗಿ. ನಿಮ್ಮ ಮೈಕ್ ಯಾವುದು ಅಂತ ನೋಡಿ ಸ್ಪೀಕರನ್ನ ಅಲ್ಲಿಗೆ ತನ್ನಿ. ಸಣ್ಣ ರೂಮಿಗೆ ಸುಲಭದ ದಾರಿ: ಹಾಡೋರು ಡ್ರಮ್ಸ್ ಕಡೆ ಮುಖ ಮಾಡಿ ನಿಲ್ಲಲಿ, ವೋಕಲ್ ಸ್ಪೀಕರ್ ಡ್ರಮ್ಸ್ ಪಕ್ಕದಲ್ಲಿ ಕಿವಿಯೆತ್ತರಕ್ಕೆ ಇರಲಿ. ಆಗ ಸಿಂಬಲ್, ಸ್ಪೀಕರ್ ಎರಡೂ ಮೈಕಿನ ಬೆನ್ನ ಕಡೆಗೆ ಬೀಳುತ್ತವೆ.

ತುಟಿಗೂ ಮೈಕಿನ ಜಾಲರಿಗೂ ಎರಡು ಬೆರಳು ಅಂತರ ಸಾಕು. ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕಳೆದುಹೋಗುತ್ತೆ. ಜಾಲರಿಯನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ, ಹಿಂದಿನ ಗಾಳಿದಾರಿ ಮುಚ್ಚಿದರೆ ಆ ಕಿವುಡು ಜಾಗವೇ ಇಲ್ಲವಾಗುತ್ತೆ. ವೋಕಲ್ ಚಾನೆಲ್‌ನಲ್ಲಿ 100 ಹರ್ಟ್ಜ್ ಲೋ-ಕಟ್ (ಅದಕ್ಕಿಂತ ಕೆಳಗಿನ ದನಿ ಕತ್ತರಿಸೋ ಸ್ವಿಚ್) ಒತ್ತಿರಲಿ.

ಗಿಟಾರ್ ಗದ್ದಲಕ್ಕೆ ಕಾರಣ ಎರಡು. ಒಂದು, ಟೋನ್. ಮನೆಯಲ್ಲಿ ಒಬ್ಬರೇ ನುಡಿಸುವಾಗ ಆಂಪಿನ ಬೇಸ್ (ಕೆಳಗಿನ ದನಿ) ಮತ್ತು ಟ್ರೆಬಲ್ (ಮೇಲಿನ ದನಿ) ಏರಿಸಿ ಮಿಡ್ (ನಡುವಿನ ದನಿ) ತಗ್ಗಿಸಿದರೆ ಬಲು ಚೆಂದ ಕೇಳುತ್ತೆ. ಬ್ಯಾಂಡಿನಲ್ಲಿ ಅದೇ ಸೆಟ್ಟಿಂಗ್ ಮಾಯ: ಕೆಳಗಿನದನ್ನ ಬೇಸ್ ಮತ್ತು ಕಿಕ್ ನುಂಗುತ್ತವೆ, ಮೇಲಿನದನ್ನ ಸಿಂಬಲ್ ನುಂಗುತ್ತೆ. ಕಾಣದೇ ಹೋದೆ ಅಂತ ಗಿಟಾರಿಸ್ಟ್ ವಾಲ್ಯೂಮ್ ಏರಿಸುತ್ತಾರೆ. ಮಿಡ್ ಏರಿಸಿ, ಬೇಸ್ ನಾಬ್ ಇಳಿಸಿ, ಡಿಸ್ಟಾರ್ಷನ್ ಗೇನ್ ಈಗಿರೋದರ ಅರ್ಧಕ್ಕೆ ತನ್ನಿ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಬೇಸಿನದು 41. ತೀರಾ ಕೆಳಗಿನ ಜಾಗ ಬೇಸಿನದು, ಗಿಟಾರ್ ಅಲ್ಲಿಗೆ ಕಾಲಿಡೋದೇ ಬೇಡ.

ಎರಡು, ಇಬ್ಬರೂ ಒಂದೇ ಕಾರ್ಡನ್ನ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಒಂದೇ ಜಾಗದಲ್ಲಿ ಹಿಡಿಯೋದು. ಎರಡು ಗಿಟಾರಿನ ಶ್ರುತಿ ಕೂದಲೆಳೆ ಆಚೀಚೆ ಇದ್ದೇ ಇರುತ್ತೆ, ಆದ್ದರಿಂದ ಶ್ರುತಿ ತಪ್ಪಿದ ಒಂದೇ ದೊಡ್ಡ ಗಿಟಾರಿನ ಹಾಗೆ ಕೇಳುತ್ತೆ. ಒಬ್ಬರು ಮೊದಲ ಮೂರು ಫ್ರೆಟ್‌ಗಳಲ್ಲಿದ್ದರೆ ಇನ್ನೊಬ್ಬರು ಏಳನೇ ಫ್ರೆಟ್‌ನಿಂದ ಮೇಲೆ ಹೋಗಲಿ, ಇಲ್ಲವೇ ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸೋ ಕ್ಲಿಪ್) ಹಾಕಲಿ. ಚರಣದಲ್ಲಿ ಒಬ್ಬರು ಪೂರಾ ಸುಮ್ಮನಿದ್ದರೂ ತಪ್ಪಿಲ್ಲ. ಪಲ್ಲವಿಗೆ ಅವರು ಬಂದು ಸೇರಿದಾಗ ವಾಲ್ಯೂಮ್ ಮುಟ್ಟದೆಯೇ ಹಾಡು ಎದ್ದು ನಿಲ್ಲುತ್ತೆ.

ಆಂಪನ್ನ ನೆಲದಿಂದ ಎತ್ತಿ, ಕುರ್ಚಿ ಮೇಲಾದರೂ ಇಡಿ. ಸ್ಪೀಕರಿನ ಚೂಪು ದನಿ ನೇರ ಗೆರೆಯಲ್ಲಿ ಹೋಗುತ್ತೆ. ನೆಲದಲ್ಲಿಟ್ಟರೆ ಅದು ನುಡಿಸೋರ ಮೊಣಕಾಲಿಗೆ ಬಡಿಯುತ್ತೆ, ಅವರು ಮಂಕಾಗಿದೆ ಅಂದುಕೊಂಡು ಟ್ರೆಬಲ್ ಏರಿಸುತ್ತಾರೆ, ಎದುರಿಗೆ ನಿಂತವರ ಕಿವಿ ಕಿತ್ತು ಬರುತ್ತೆ.

50 ವ್ಯಾಟ್ ಬೇಸ್ ಆಂಪ್ ಡ್ರಮ್ಸ್ ಎದುರು ಸಾಲದು, 200ಕ್ಕಿಂತ ಮೇಲೆ ಬೇಕು. ಸದ್ಯಕ್ಕೆ ಆಂಪಿನ ಬೇಸ್ ನಾಬ್ ತಗ್ಗಿಸಿ 500-800 ಹರ್ಟ್ಜ್ ಸುತ್ತಮುತ್ತ ಏರಿಸಿದರೆ ಅಷ್ಟೇ ವ್ಯಾಟಿನಲ್ಲಿ ಸ್ವರ ಬಿಡಿಬಿಡಿಯಾಗಿ ಕೇಳುತ್ತೆ.

ಕಿವಿಯ ವಿಷಯ: 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಅನ್ನೋದು ಸುರಕ್ಷಿತ ಮಿತಿ, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100ಕ್ಕೆ ಹೋದರೆ 15 ನಿಮಿಷವಷ್ಟೇ. ನಿಮ್ಮ ರೂಮು ಅದನ್ನ ದಾಟಿರುತ್ತೆ. ಸಂಗೀತಗಾರರಿಗಂತಲೇ ಬರೋ, 15-20 ಡೆಸಿಬೆಲ್ ಸಮನಾಗಿ ತಗ್ಗಿಸೋ ಇಯರ್‌ಪ್ಲಗ್ ಹಾಕಿ. ಫೋಮ್ ಪ್ಲಗ್ ಮೇಲಿನ ದನಿಯನ್ನೇ ಹೆಚ್ಚು ತಿನ್ನುತ್ತೆ, ಆಮೇಲೆ ಮತ್ತೆ ಟ್ರೆಬಲ್ ಏರುತ್ತೆ.

---

ಕಿಕ್‌ಪೆಡಲ್

ಮೇಲಿನದಕ್ಕೆ ನೂರಕ್ಕೆ ನೂರು ಒಪ್ಪಿಗೆ. ವೇಗದ ಬಗ್ಗೆ ನಾನು ಹೇಳ್ತೀನಿ.

ವೇಗ ಹಾಡಿನುದ್ದಕ್ಕೂ ನಿಧಾನವಾಗಿ ಏರುತ್ತೆ ಅಂತ ನಿಮಗೆ ಅನ್ನಿಸಬಹುದು. ಸಾಮಾನ್ಯವಾಗಿ ಹಾಗಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಮೆಟ್ಟಿಲು ಇರೋದು ಚರಣದಿಂದ ಪಲ್ಲವಿಗೆ ದಾಟೋ ಫಿಲ್‌ನಲ್ಲಿ, ಅಂದರೆ ಡ್ರಮ್ಮರ್ ನಡುವೆ ತುಂಬೋ ಸಣ್ಣ ತುಣುಕಿನಲ್ಲಿ. ನಾಲ್ಕು ಮಾತ್ರೆಯ ಫಿಲ್ ಚೂರು ಬೇಗ ಮುಗಿಯುತ್ತೆ, ಪಲ್ಲವಿಯ ಮೊದಲ ಪೆಟ್ಟು ಮುಂಚೆಯೇ ಬೀಳುತ್ತೆ, ಹೊಸ ವೇಗ ಅಲ್ಲಿಂದ ಮುಂದೆ ಹಾಗೇ ನಿಂತುಬಿಡುತ್ತೆ. ಮೂರು ಪಲ್ಲವಿಗೆ ಮೂರು ಮೆಟ್ಟಿಲು. ಫೋನಿನಲ್ಲಿ ರೆಕಾರ್ಡ್ ಮಾಡಿ, ಟ್ಯಾಪ್ ಟೆಂಪೋ ಆ್ಯಪ್‌ನಲ್ಲಿ ಪ್ರತಿ ಭಾಗದ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು) ಅಳೆದು ಹಾಳೆಯಲ್ಲಿ ಬರೆಯಿರಿ. 140ಕ್ಕೆ ಶುರುವಾದದ್ದು ಕೊನೇ ಪಲ್ಲವಿಯಲ್ಲಿ 144 ಆದರೆ ಬಿಟ್ಟುಬಿಡಿ, ಜನ ಅದನ್ನ ಹುರುಪು ಅಂತಾರೆ. 150 ಆದರೆ ಹಾಡೋರಿಗೆ ಉಸಿರು ತಗೊಳ್ಳೋಕೆ ಜಾಗ ಸಿಗಲ್ಲ.

ಮದ್ದು: ವಾರದಲ್ಲಿ ಒಮ್ಮೆ 45 ನಿಮಿಷ ಬೇಸ್ ಮತ್ತು ಡ್ರಮ್ಸ್ ಇಬ್ಬರೇ ಕೂರಲಿ. ಚರಣದ ಕೊನೆಯ ಎರಡು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಪೆಟ್ಟು), ಫಿಲ್, ಪಲ್ಲವಿಯ ಮೊದಲ ಎರಡು ಬಾರ್, ಇಷ್ಟನ್ನೇ ಇಪ್ಪತ್ತು ಸಲ ಸುತ್ತಿ. ಮೊದಲು ಕ್ಲಿಕ್ (ಮೆಟ್ರೊನೋಮಿನ ಟಿಕ್ ಟಿಕ್) ನಾಲ್ಕೂ ಪೆಟ್ಟಿಗೆ, ಆಮೇಲೆ 2 ಮತ್ತು 4ಕ್ಕೆ ಮಾತ್ರ, ಕೊನೆಗೆ ಎರಡು ಬಾರ್ ಕ್ಲಿಕ್ ಎರಡು ಬಾರ್ ಮೌನ. ಮೌನ ಮುಗಿದು ಕ್ಲಿಕ್ ವಾಪಸ್ ಬಂದಾಗ ನೀವು ಎಲ್ಲಿದ್ದೀರಿ ಅನ್ನೋದೇ ಪರೀಕ್ಷೆ. ಶೋನಲ್ಲಿ ಹಾಡು ಶುರುಮಾಡೋಕೆ ಕಡ್ಡಿ ತಟ್ಟಿ ನಾಲ್ಕು ಎಣಿಸೋ ಮುಂಚೆ ಡ್ರಮ್ಮರ್ ಪಲ್ಲವಿಯ ಒಂದು ಸಾಲನ್ನ ಮನಸ್ಸಲ್ಲೇ ಹಾಡಿಕೊಳ್ಳಬೇಕು. ಎದೆ ಡವಗುಟ್ಟುವಾಗ ಕೈ ತಂತಾನೇ 10 ಬಿಪಿಎಂ ಮೇಲೆ ಶುರುಮಾಡುತ್ತೆ.

ಹಾಡ್ತಾ ನುಡಿಸೋರು ಎಡವುತ್ತಿದ್ದರೆ ಚರಣದ ಗಿಟಾರನ್ನ ಸರಳ ಮಾಡಿ. ಬಲಗೈ ಬರೀ ಕೆಳಮುಖದ ಪೆಟ್ಟು ಸಾಕು, ಅಲಂಕಾರವೆಲ್ಲ ಲೀಡ್‌ನವರ ಪಾಲಿಗೆ ಬಿಡಿ.

ಎಂಟು ವಾರದ ಹಂಚಿಕೆ ನನ್ನ ಪ್ರಕಾರ ಹೀಗೆ. 30 ನಿಮಿಷದ ಸ್ಲಾಟ್‌ನಲ್ಲಿ 5 ನಿಮಿಷ ಸಾಮಾನು ಜೋಡಿಸೋದರಲ್ಲೇ ಹೋಗುತ್ತೆ. ಉಳಿದ 25ಕ್ಕೆ 3 ನಿಮಿಷ 40 ಸೆಕೆಂಡಿನ ಆರು ಹಾಡು ಅಂದರೆ 22 ನಿಮಿಷ, ಮಿಕ್ಕ ಮೂರು ಶ್ರುತಿಗೆ ಮತ್ತು ಮಾತಿಗೆ. ಹನ್ನೊಂದು ಹಾಡನ್ನ ಅರೆಬರೆ ಕಲಿಯೋ ಬದಲು ಇವತ್ತೇ ಐದು ಹಾಡಿಗೆ ಕತ್ತರಿ ಹಾಕಿ. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಎರಡೂವರೆ ಗಂಟೆ. ಪೂರ್ತಿ ಹಾಡು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ, ತಪ್ಪೋ ಎಂಟು ಬಾರ್ ಮಾತ್ರ ಸುತ್ತಿ. ಮುಕ್ತಾಯಗಳನ್ನೇ ಬೇರೆಯಾಗಿ ಅಭ್ಯಾಸ ಮಾಡಿ, ಹೊಸ ಬ್ಯಾಂಡ್ ಕಚ್ಚಾ ಅಂತ ಎದ್ದು ಕಾಣೋದೇ ಹಾಡು ನಿಲ್ಲಿಸುವಾಗ. ಐದು ಆರನೇ ವಾರ ಹಾಡಿನಿಂದ ಹಾಡಿಗೆ ದಾಟೋದು. ಕೊನೆಯ ಎರಡು ವಾರ ಗಡಿಯಾರ ಇಟ್ಟು, ನಾಲ್ವರೂ ವೇದಿಕೆಯ ಹಾಗೆ ಒಂದೇ ದಿಕ್ಕಿಗೆ ನಿಂತು, ಏನೇ ತಪ್ಪಿದರೂ ನಿಲ್ಲಿಸದೆ ಇಡೀ ಸೆಟ್. ವೃತ್ತಾಕಾರದಲ್ಲಿ ನಿಂತು ಕಣ್ಸನ್ನೆಯಲ್ಲೇ ಬದುಕಿದ ಬ್ಯಾಂಡಿಗೆ ಅದು ಮೊದಲ ಸಲ ದೊಡ್ಡ ಆಘಾತ, ಅದು ಶೋ ದಿನ ಆಗದಿರಲಿ.

---

ಹಳೇರೀಲು

ಕತ್ತರಿ ಹಾಕೋದಾದರೆ ಕವರ್‌ಗಳಿಗೇ ಹಾಕಿ ಅನ್ನೋರು ಬಹಳ ಜನ. ಅಷ್ಟು ಅವಸರ ಬೇಡ. ಬೀಟಲ್ಸ್ 1960ರ ಆಗಸ್ಟ್‌ನಲ್ಲಿ ಹ್ಯಾಂಬರ್ಗ್‌ಗೆ ಹೋದಾಗ ಅವರ ಕೈಲಿದ್ದದ್ದು ಹೆಚ್ಚುಕಡಿಮೆ ಬೇರೆಯವರ ಹಾಡುಗಳೇ. ರಾತ್ರಿಯೆಲ್ಲ ಗಂಟೆಗಟ್ಟಲೆ ನುಡಿಸಬೇಕಿತ್ತು, ಸರಕು ಸಾಲದೆ ಸಿಕ್ಕಿದ್ದೆಲ್ಲ ಕಲಿತರು. 1962ರ ಜನವರಿ 1ರಂದು ಡೆಕ್ಕಾ ಕಂಪನಿಯ ಆಡಿಷನ್‌ನಲ್ಲಿ ಹದಿನೈದು ಹಾಡು ನುಡಿಸಿದರು, ತಿರಸ್ಕಾರ ಆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಡ್ರಮ್ಮರ್ ಬದಲಾದರು. 1963ರ ಫೆಬ್ರವರಿ 11ರಂದು ಮೊದಲ ಆಲ್ಬಮ್ಮಿನ ಬಹುಪಾಲು ಒಂದೇ ದಿನದಲ್ಲಿ ಮುಗಿಯಿತು. ಹಾಡುಗಳು ವೇದಿಕೆ ಮೇಲೆ ಪಳಗಿದ್ದವು ಅನ್ನೋದೇ ಆ ವೇಗದ ಗುಟ್ಟು.

ಲೆಡ್ ಜೆಪ್ಪೆಲಿನ್ ಕೂಡ ಅಷ್ಟೇ. 1968ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ನಾಲ್ವರೂ ಮೊದಲ ಸಲ ಒಟ್ಟಿಗೆ ನುಡಿಸಿದ್ದು, ಸೆಪ್ಟೆಂಬರ್‌ನಲ್ಲಿ ಸ್ಕ್ಯಾಂಡಿನೇವಿಯಾ ಪ್ರವಾಸ, ಅದು ಮುಗಿಸಿ ಬಂದ ಮೇಲೆ ಸ್ಟುಡಿಯೋ. ಆಲ್ಬಮ್ಮಿಗೆ ಹಿಡಿದದ್ದು ಸುಮಾರು 36 ಗಂಟೆಯ ಸ್ಟುಡಿಯೋ ಸಮಯ.

ಆದ್ದರಿಂದ ಶೋಗೆ ಮೊದಲು ರೆಕಾರ್ಡಿಂಗ್ ಬೇಡ. ನಾಲ್ಕು ಸ್ವಂತ ಹಾಡು, ಎರಡು ಕವರ್ ಇಟ್ಟುಕೊಳ್ಳಿ. ಜನರ ಎದುರು ನುಡಿಸಿದ ಮೇಲೆ ಯಾವ ಹಾಡಿನ ಪೀಠಿಕೆ ಉದ್ದವಾಯಿತು, ಎಲ್ಲಿ ಎರಡನೇ ಸೋಲೋ ದಂಡ ಅಂತ ತಾನಾಗೇ ಗೊತ್ತಾಗುತ್ತೆ. ಈಗಲೇ ರೆಕಾರ್ಡ್ ಮಾಡಿದರೆ ಆ ತಪ್ಪುಗಳಿಗೇ ದುಡ್ಡು ಕೊಟ್ಟ ಹಾಗೆ.

---

ಆರನೇತಂತಿ

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಶೋ ಆಯೋಜಕರು "ಇನ್‌ಪುಟ್ ಲಿಸ್ಟ್, ಸ್ಟೇಜ್ ಪ್ಲಾಟ್ ಕಳಿಸಿ" ಅಂದಿದ್ದಾರೆ, ಅದರಲ್ಲಿ ಏನಿರಬೇಕು? ಆಮೇಲೆ ಹಾಡಿನ ಹಕ್ಕಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

---

ಸ್ಟೇಜ್‌ಬಾಕ್ಸ್

ಸ್ಟೇಜ್ ಪ್ಲಾಟ್ ಅಂದರೆ ಮೇಲಿನಿಂದ ನೋಡಿದ ಹಾಗೆ ಒಂದು ಚಿತ್ರ: ಯಾರು ಎಲ್ಲಿ ನಿಲ್ಲುತ್ತಾರೆ, ಆಂಪ್ ಎಲ್ಲಿ, ಮಾನಿಟರ್ ಎಲ್ಲಿ, ಕರೆಂಟ್ ಎಲ್ಲಿ ಬೇಕು. ಪ್ರೇಕ್ಷಕರು ಯಾವ ಕಡೆ ಅಂತ ಬರೆಯೋದು ಮರೀಬೇಡಿ, ಇಲ್ಲದಿದ್ದರೆ ಎಡಬಲ ಅದಲುಬದಲಾಗುತ್ತೆ. ಇನ್‌ಪುಟ್ ಲಿಸ್ಟ್ ಅಂದರೆ ಮಿಕ್ಸರ್‌ಗೆ ಸೇರೋ ಮೈಕ್ ಮತ್ತು ವಾದ್ಯಗಳ ಪಟ್ಟಿ. ಸಣ್ಣ ವೇದಿಕೆಗೆ ಎಂಟು ಸಾಕು: ಕಿಕ್, ಸ್ನೇರ್, ಓವರ್‌ಹೆಡ್ (ಡ್ರಮ್ಸ್ ಮೇಲಿನ ಮೈಕ್) ಒಂದು, ಬೇಸ್ ಡಿಐ (ವಾದ್ಯವನ್ನ ನೇರ ಮಿಕ್ಸರ್‌ಗೆ ಸೇರಿಸೋ ಡಬ್ಬಿ), ಗಿಟಾರ್ ಎರಡು, ವೋಕಲ್, ಬ್ಯಾಕಿಂಗ್ ವೋಕಲ್. ಓವರ್‌ಹೆಡ್ ಕಂಡೆನ್ಸರ್ ಮೈಕ್ (ಮಿಕ್ಸರ್‌ನಿಂದ ಕರೆಂಟ್ ಬೇಕಾಗೋ ಥರದ್ದು) ಆದರೆ ಪಕ್ಕದಲ್ಲಿ 48 ವೋಲ್ಟ್ ಅಂತ ಗುರುತು ಹಾಕಿ. ಡ್ರಮ್ ಕಿಟ್ ಅಲ್ಲೇ ಇರುತ್ತೆ ಅಂದರೂ ಸ್ನೇರ್, ಸಿಂಬಲ್, ಕಿಕ್ ಪೆಡಲ್ ನಿಮ್ಮದೇ ಒಯ್ಯಬೇಕಾ ಅಂತ ಈಗಲೇ ಕೇಳಿ.

ಚೀಲದಲ್ಲಿ: ತಂತಿ ಎರಡು ಸೆಟ್, ತೆಳು ತಂತಿ ಬಿಡಿಯಾಗಿ ಇನ್ನೂ ಮೂರು, ಕೇಬಲ್ ಎರಡು ಹೆಚ್ಚುವರಿ (6 ಮೀಟರ್ ಮೀರಬೇಡಿ, ಉದ್ದವಾದಷ್ಟೂ ಟೋನ್ ಮಂಕು), 9 ವೋಲ್ಟ್ ಬ್ಯಾಟರಿ, ಡ್ರಮ್ ಕೀ, ಆಂಪಿನ ಫ್ಯೂಸ್ ಅದೇ ರೇಟಿಂಗಿನದು, ಗ್ಯಾಫರ್ ಟೇಪ್, ಸಣ್ಣ ಟಾರ್ಚ್, ಮಲ್ಟಿಮೀಟರ್. ಹೊಸ ತಂತಿಯನ್ನ ಶೋಗೆ ಹಿಂದಿನ ದಿನವೇ ಹಾಕಿ, ಎಳೆದೆಳೆದು ಪಳಗಿಸಿ. ಅದೇ ದಿನ ಹಾಕಿದರೆ ಪ್ರತಿ ಹಾಡಿಗೂ ಶ್ರುತಿ ಇಳಿಯುತ್ತೆ. ಪೆಡಲ್‌ಗಳಲ್ಲಿ ಟ್ಯೂನರ್ ಮೊದಲು ಇರಲಿ, ಒತ್ತಿದರೆ ದನಿ ಬಂದ್ ಆಗೋ ಥರದ್ದು. ಶ್ರುತಿ ಮಾಡೋ ಟೊಂಯ್ ಟೊಂಯ್ ಯಾರಿಗೂ ಬೇಕಿಲ್ಲ.

ಮಲ್ಟಿಮೀಟರ್ ಯಾಕೆ ಅಂದರೆ, ಇದೊಂದನ್ನ ತಮಾಷೆಗೆ ತಗೋಬೇಡಿ. ಆಂಪ್ ಒಂದು ಪ್ಲಗ್‌ನಲ್ಲಿ, ಸೌಂಡ್ ಸಿಸ್ಟಮ್ ಇನ್ನೊಂದರಲ್ಲಿ ಇದ್ದು, ಒಂದರ ಅರ್ಥಿಂಗ್ ಕೆಟ್ಟಿದ್ದರೆ, ಎಡಗೈ ತಂತಿ ಮೇಲೆ, ತುಟಿ ಮೈಕಿನ ಮೇಲೆ ಇರೋ ಮನುಷ್ಯನೇ ವೈರ್ ಆಗುತ್ತಾನೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರ ಮೇ 3ರಂದು ಸ್ವಾನ್ಸೀಯಲ್ಲಿ ವೇದಿಕೆ ಮೇಲೇ ಹೀಗೆ ತೀರಿಕೊಂಡರು. ಹಾಡೋ ಮುಂಚೆ ಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರಿನ ತಂತಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಯಾರು ಎಷ್ಟೇ ಅವಸರ ಮಾಡಲಿ, ಮೈಕ್ ಮುಟ್ಟಬೇಡಿ. ಗುಂಯ್ ಅನ್ನೋ ಹಮ್ ನಿಲ್ಲಿಸೋಕೆ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋ ಬುದ್ಧಿವಂತರಿದ್ದಾರೆ. ಅದಕ್ಕೆ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇದೆ, ಅದನ್ನ ಒತ್ತಿ. ಪಿನ್ ಮುಟ್ಟಬೇಡಿ.

---

ಕೆಳಸ್ಥಾಯಿ

ಹಕ್ಕಿನ ವಿಷಯಕ್ಕೆ ಬರೋಣ. ಒಂದು ಹಾಡಿನಲ್ಲಿ ಎರಡು ಬೇರೆ ಆಸ್ತಿ ಇವೆ. ರಚನೆ, ಅಂದರೆ ಸಾಹಿತ್ಯ ಮತ್ತು ರಾಗ, ಅದು ಬರೆದವರದು. ಧ್ವನಿಮುದ್ರಣ, ಅಂದರೆ ಮಾಸ್ಟರ್, ಅದು ಸಾಮಾನ್ಯವಾಗಿ ಖರ್ಚು ಹಾಕಿದವರದು. ನಿಮ್ಮಲ್ಲಿ ಗುದ್ದಾಟ ನಡೀತಿರೋದು ಮೊದಲನೆಯದಕ್ಕೆ.

ಕಷ್ಟ ಎಲ್ಲಿದೆ ಅಂದರೆ, ಒಬ್ಬರು ಕಾರ್ಡ್ ಮತ್ತು ಸಾಹಿತ್ಯ ತರುತ್ತಾರೆ, ರೂಮಿನಲ್ಲಿ ಇನ್ನೊಬ್ಬರು ಒಂದು ತುಣುಕು ನುಡಿಸುತ್ತಾರೆ, ಕೊನೆಗೆ ಜನ ಗುನುಗೋದು ಆ ತುಣುಕನ್ನೇ. ಪ್ರೊಕೋಲ್ ಹಾರಂ ಬ್ಯಾಂಡಿನ 1967ರ ಪ್ರಸಿದ್ಧ ಹಾಡಿನ ಆರ್ಗನ್ ಭಾಗ ಹೀಗೇ ಆದದ್ದು. ನುಡಿಸಿದ ಮ್ಯಾಥ್ಯೂ ಫಿಶರ್‌ಗೆ ಹೆಸರು ಸಿಕ್ಕಿರಲಿಲ್ಲ. ದಶಕಗಳ ಮೇಲೆ ಕೋರ್ಟಿಗೆ ಹೋದರು, 2006ರಲ್ಲಿ ಲಂಡನ್ ಹೈಕೋರ್ಟ್ ಸಂಗೀತದಲ್ಲಿ ಶೇ 40 ಪಾಲು ಕೊಟ್ಟಿತು, ಕೊನೆಗೆ 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪಿತ್ತಿತು. ಹಾಡಿಗೆ ಆಗ 42 ವರ್ಷ.

ಹಂಚೋಕೆ ದಾರಿ ಬೇರೆ ಬೇರೆ. ಆರ್.ಇ.ಎಂ. ಬ್ಯಾಂಡ್ ಯಾರು ಏನೇ ಬರೆದರೂ ನಾಲ್ವರ ಹೆಸರನ್ನೂ ಹಾಕಿತು. ಕ್ವೀನ್ ಮೊದಮೊದಲು ಬರೆದವರದೇ ಹೆಸರು ಹಾಕುತ್ತಿತ್ತು, 1989ರ ಆಲ್ಬಮ್ಮಿನಲ್ಲಿ ಎಲ್ಲ ಹಾಡಿಗೂ ಇಡೀ ಬ್ಯಾಂಡಿನ ಹೆಸರು ಬಂತು. ಹೊಸ ಬ್ಯಾಂಡಿಗೆ ಸಮಪಾಲೇ ಲೇಸು ಅಂತ ನನ್ನ ಅಭಿಪ್ರಾಯ, ಯಾಕಂದರೆ ಬರೆದವರ ಹಾಡೇ ಸೆಟ್‌ನಲ್ಲಿ ಇರಲಿ ಅಂತ ಜಗ್ಗಾಟ ನಡೆಯಲ್ಲ. ಅದು ಬೇಡ ಅಂದರೆ ಸಾಹಿತ್ಯ 50, ಸಂಗೀತ 50 ಅಂತ ಮಾಡಿ, ಸಂಗೀತದ ಪಾಲನ್ನ ರೂಮಿನಲ್ಲಿ ಇದ್ದವರಿಗೆಲ್ಲ ಹಂಚಿ.

ಈ ಹಂತದಲ್ಲಿ ವಕೀಲರು ಬೇಕಿಲ್ಲ. ಒಂದು ಪುಟದಲ್ಲಿ ಹಾಡಿನ ಹೆಸರು, ದಿನಾಂಕ, ಯಾರಿಗೆ ಶೇಕಡ ಎಷ್ಟು, ನಾಲ್ವರ ಸಹಿ. ಅದೇ ಪುಟದ ಕೆಳಗೆ ಇನ್ನು ಮೂರು ಸಾಲು: ಒಟ್ಟು ದುಡ್ಡಲ್ಲಿ ಕೊಂಡ ಸಾಮಾನು ಯಾರದು, ಬ್ಯಾಂಡ್ ಬಿಟ್ಟು ಹೋಗೋರಿಗೆ ಏನು ಸಿಗುತ್ತೆ, ಹೆಸರು ಯಾರ ಹತ್ತಿರ ಉಳಿಯುತ್ತೆ. ಕೊನೆಯದನ್ನ ಹಗುರವಾಗಿ ನೋಡಬೇಡಿ. ಮೇಲೆ ಬಂದ ಲೆಡ್ ಜೆಪ್ಪೆಲಿನ್ ಆ ಸೆಪ್ಟೆಂಬರ್ ಪ್ರವಾಸ ಮಾಡಿದ್ದು ನ್ಯೂ ಯಾರ್ಡ್‌ಬರ್ಡ್ಸ್ ಅನ್ನೋ ಹೆಸರಲ್ಲಿ. ಹಳೇ ಯಾರ್ಡ್‌ಬರ್ಡ್ಸ್‌ನ ಕ್ರಿಸ್ ಡ್ರೇಯಾ ತಕರಾರು ಎತ್ತಿದ ಮೇಲೆ ಆ ಹೆಸರು ಬಿಡಬೇಕಾಯಿತು.

---

ಮಿಕ್ಸರ್‌ಮೂಲೆ

ಒಂದು ಸೇರಿಸ್ತೀನಿ. ರೆಕಾರ್ಡಿಂಗ್ ಬೇಡ ಅಂದರೂ ಪ್ರತಿ ಪ್ರಾಕ್ಟೀಸನ್ನ ಫೋನಿನಲ್ಲಿ ಹಿಡಿದಿಡಿ. ಫೋನನ್ನ ಡ್ರಮ್ಸ್‌ನಿಂದ ದೂರದ ಮೂಲೆಯಲ್ಲಿ, ತಲೆಗಿಂತ ಕೆಳಗೆ, ಮಡಚಿದ ಬಟ್ಟೆ ಮೇಲೆ ಇಡಿ. ಮೇಜಿನ ಮೇಲೆ ಬರಿದೇ ಇಟ್ಟರೆ ಕಿಕ್ ಡ್ರಮ್ಮಿನ ನಡುಕ ನೇರ ಮೈಕಿಗೆ ಹತ್ತುತ್ತೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಆಟೋ ಗೇನ್ (ತಾನಾಗೇ ಲೆವೆಲ್ ಏರಿಸಿ ಇಳಿಸೋದು) ಬಂದ್ ಮಾಡೋ ಆಯ್ಕೆ ಇದ್ದರೆ ಬಂದ್ ಮಾಡಿ, ಇಲ್ಲದಿದ್ದರೆ ಮೆಲ್ಲಗಿನ ಚರಣವೂ ಜೋರಾದ ಪಲ್ಲವಿಯೂ ಒಂದೇ ಮಟ್ಟದಲ್ಲಿ ಕೇಳಿ ನೀವೇ ಮೋಸ ಹೋಗ್ತೀರಿ. ಫೈಲಿನ ಹೆಸರಿನಲ್ಲಿ ದಿನಾಂಕ ಇರಲಿ. ಯಾವ ತುಣುಕು ಯಾರ ಕೈಯಿಂದ ಯಾವತ್ತು ಬಂತು ಅನ್ನೋದಕ್ಕೆ ಕೆಳಸ್ಥಾಯಿ ಅವರು ಹೇಳಿದ ಪುಟದ ಜೊತೆ ಅದೂ ಇರುತ್ತೆ.